ನಿಮ್ಮ ವಕೀಲರೇ ಹಾಸಿಗೆ ಹಿಡಿದರೆ ಕೇಸಿನ ಗತಿ ಏನು? ಕಕ್ಷಿದಾರರು, ವಕೀಲರು ಇಬ್ಬರೂ ತಿಳಿದಿರಬೇಕಾದ್ದು

ಮಾರಿಕಣಿವೆ: ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ಮೂರು ತಾಲ್ಲೂಕಿನಲ್ಲಿ ಕೋರ್ಟ್ ಮೆಟ್ಟಿಲು ಹತ್ತದ ಮನೆ ಹುಡುಕೋದು ಕಷ್ಟ. ಭಾಗದ ದಾವೆ, ತೋಟದ ದಾರಿ ತಕರಾರು, ಬೋರ್‌ವೆಲ್ ಜಗಳ, ಭೂಸ್ವಾಧೀನದ ಪರಿಹಾರ, ಅಂಗಡಿಯವರಿಗಾದರೆ ಚೆಕ್ ಬೌನ್ಸ್, ಬಾಡಿಗೆ ಮಳಿಗೆ ಖಾಲಿ ಮಾಡಿಸೋ ಕೇಸು. ಕೇಸು ಹಾಕಿದ ಮೇಲೆ ನಮ್ಮ ಜನ ಮಾಡೋದು ಒಂದೇ. ಕಾಗದಪತ್ರ ಎಲ್ಲ ವಕೀಲರ ಕೈಗೆ ಕೊಟ್ಟು "ಸಾರ್ ನೋಡ್ಕೋತಾರೆ ಬಿಡು" ಅಂತ ಮನೆಗೆ ಬರೋದು. ಆ ಸಾರ್‌ಗೇ ಏನಾದರೂ ಆದರೆ?

ತಾಲ್ಲೂಕು ಕೋರ್ಟಿನ ವಕೀಲರು ಹೆಚ್ಚಿನವರು ಒಬ್ಬಂಟಿಯಾಗಿ ಕೆಲಸ ಮಾಡೋರು. ಒಂದು ಕೋಣೆ, ಒಂದು ಬೀರು, ಒಬ್ಬ ಗುಮಾಸ್ತ, ಇದ್ದರೆ ಒಬ್ಬ ಜೂನಿಯರ್. ಬೆಂಗಳೂರಿನ ದೊಡ್ಡ ಆಫೀಸುಗಳಲ್ಲಿ ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಎದ್ದು ನಿಲ್ತಾರೆ. ಇಲ್ಲಿ ವಕೀಲರಿಗೆ ಹಾರ್ಟ್ ಅಟ್ಯಾಕ್ ಆದರೆ, ಅಪಘಾತ ಆದರೆ, ಮನೆಯಲ್ಲಿ ಸಾವು ಆದರೆ, ಕುಡಿತಕ್ಕೆ ಬಿದ್ದರೆ ಅವರ ಬೀರುವಿನಲ್ಲಿರೋ ಅಷ್ಟೂ ಜನರ ಕೇಸು ಅಲ್ಲೇ ನಿಲ್ಲುತ್ತೆ. ಕೋರ್ಟಿನ ಡೇಟು ಮಾತ್ರ ನಿಲ್ಲಲ್ಲ.

ನಮ್ಮ ಮನೆಯದ್ದೇ ಹೇಳ್ತೀನಿ

ನಮ್ಮ ದೊಡ್ಡಪ್ಪನದು ತೋಟಕ್ಕೆ ಹೋಗೋ ದಾರಿಯ ಕೇಸು. ಐದಾರು ವರ್ಷದಿಂದ ನಡೀತಿತ್ತು. ವಕೀಲರು ಒಳ್ಳೆಯವರೇ, ಫೀಸಿಗೆ ಯಾವತ್ತೂ ಪೀಡಿಸಿದವರಲ್ಲ. ಒಂದು ವರ್ಷ ಅವರು ಫೋನ್ ಎತ್ತೋದು ಕಮ್ಮಿ ಆಯ್ತು. ಕೇಳಿದಾಗ "ಡೇಟ್ ಇದೆ ಬಿಡಿ, ನೀವು ಬರೋದು ಬೇಡ" ಅನ್ನೋರು. ಆಮೇಲೆ ಆ ಮಾತೂ ನಿಂತಿತು. ನಾನು ಆಗಷ್ಟೇ ಡಿಗ್ರಿ ಬಿಟ್ಟು ಸುದ್ದಿ ಕೆಲಸಕ್ಕೆ ಸೇರಿದ್ದೆ. ಟೀ ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ದೊಡ್ಡಪ್ಪನ ಹೆಸರು ಹಾಕಿ ನೋಡಿದರೆ ಕೇಸು ವಜಾ ಆಗಿ ನಾಲ್ಕು ತಿಂಗಳಾಗಿದೆ. ವಾದಿಯೂ ಇಲ್ಲ, ವಕೀಲರೂ ಇಲ್ಲ ಅಂತ ಗೈರುಹಾಜರಿಗೆ ವಜಾ.

ದೊಡ್ಡಪ್ಪ ಸಿಟ್ಟಲ್ಲಿ ಅವರ ಮನೆಗೆ ಹೋದರು, ಜೊತೆಗೆ ನಾನು. ಹೋಗಿ ನೋಡಿದರೆ ಆ ಮನುಷ್ಯ ಡಯಾಲಿಸಿಸ್ ಮಾಡಿಸ್ಕೊಂಡು ಬಂದು ಮಲಗಿದಾರೆ. ಎರಡೂ ಕಿಡ್ನಿ ಹೋಗಿತ್ತು. ದೊಡ್ಡಪ್ಪ ಬೈಯೋಕೆ ಅಂತ ಹೋದವರು ಸುಮ್ಮನೆ ಕುರ್ಚಿ ಎಳ್ಕೊಂಡು ಕೂತರು. "ಒಂದು ಮಾತು ಹೇಳಬಾರದಿತ್ತಾ ಸಾರ್?" ಅಂದರು. ಅವರು ಹೇಳಿದ್ದು ಇಷ್ಟು: "ಹೇಳಿದ್ರೆ ಇರೋ ನಾಲ್ಕು ಕಕ್ಷಿದಾರರೂ ಎದ್ದು ಹೋಗ್ತಾರೆ ಗೌಡ್ರೇ. ಆಸ್ಪತ್ರೆ ಖರ್ಚಿಗೆ ಅದೇ ಅಲ್ವಾ ಇದ್ದಿದ್ದು."

ಆ ಮಾತಲ್ಲೇ ಇಡೀ ಸಮಸ್ಯೆ ಇದೆ. ವಕೀಲರಿಗೆ ಸಂಬಳ ಇಲ್ಲ, ಸಿಕ್ ಲೀವ್ ಇಲ್ಲ. ಹುಷಾರಿಲ್ಲ ಅನ್ನೋ ಸುದ್ದಿ ಕೋರ್ಟ್ ಆವರಣದಲ್ಲಿ ಹಬ್ಬಿದರೆ ಹೊಟ್ಟೆಪಾಡೇ ಹೋಗುತ್ತೆ ಅನ್ನೋ ಭಯ. ಅದಕ್ಕೆ ಮುಚ್ಚಿಡ್ತಾರೆ. ಮುಚ್ಚಿಟ್ಟಷ್ಟೂ ಡೇಟುಗಳು ತಪ್ತಾ ಹೋಗ್ತವೆ.

ನಮ್ಮ ಕೇಸು ಕೊನೆಗೆ ವಾಪಸ್ ಬಂತು. ಅದೇ ವಕೀಲರು ಮಲಗಿದ್ದಲ್ಲೇ ಎನ್‌ಒಸಿಗೆ ಸಹಿ ಹಾಕಿಕೊಟ್ಟರು, ಅವರ ಮನೆಯವರು ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದ ಜೆರಾಕ್ಸ್ ಕೊಟ್ಟರು. ಹೊಸ ವಕೀಲರು ಅದನ್ನೇ ಇಟ್ಟು ಅರ್ಜಿ ಹಾಕಿದರು. ಖರ್ಚು ಕಟ್ಟಿಸಿಕೊಂಡು ಕೋರ್ಟು ಮರುದಾಖಲು ಮಾಡಿತು. ಆದರೆ ಎಲ್ಲರಿಗೂ ಹೀಗೇ ಆಗುತ್ತೆ ಅಂತ ಇಲ್ಲ.

ಯಾವ ಗಡುವು ತಪ್ಪಿದರೆ ಏನು

ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದ ಪ್ರಕಾರ ವಾದಿ ಹಾಜರಾಗದೆ ದಾವೆ ವಜಾ ಆದರೆ ಅದನ್ನು ಮತ್ತೆ ಎಬ್ಬಿಸೋಕೆ ಅರ್ಜಿ ಹಾಕಬಹುದು. ಸಮಯ ವಜಾ ಆದ ದಿನದಿಂದ 30 ದಿನ. ನೀವು ಪ್ರತಿವಾದಿ ಆಗಿದ್ದು ನಿಮ್ಮ ಗೈರಿನಲ್ಲಿ ಎಕ್ಸ್‌ಪಾರ್ಟಿ ಡಿಕ್ರಿ ಆಗಿದ್ದರೆ ಅದನ್ನು ರದ್ದು ಮಾಡಿಸೋಕೂ ಅಷ್ಟೇ, ಡಿಕ್ರಿಯಿಂದ 30 ದಿನ. ಸಮನ್ಸೇ ಸರಿಯಾಗಿ ಜಾರಿ ಆಗಿರದಿದ್ದರೆ ಮಾತ್ರ ನಿಮಗೆ ವಿಷಯ ತಿಳಿದ ದಿನದಿಂದ ಲೆಕ್ಕ. ತಾಲ್ಲೂಕು ಕೋರ್ಟಿನ ತೀರ್ಪಿನ ಮೇಲೆ ಜಿಲ್ಲಾ ಕೋರ್ಟಿಗೆ ಅಪೀಲು ಹೋಗೋಕೆ 30 ದಿನ, ಹೈಕೋರ್ಟಿಗಾದರೆ 90 ದಿನ. ಕೇಸು ನಡೀತಿರುವಾಗ ಪಾರ್ಟಿ ತೀರಿಕೊಂಡರೆ ವಾರಸುದಾರರನ್ನು ಸೇರಿಸೋಕೆ 90 ದಿನ.

ಇವೆಲ್ಲ ದಾಟಿ ಹೋಗಿದ್ದರೂ ಒಂದು ಬಾಗಿಲು ಇದೆ. 1963ರ ಲಿಮಿಟೇಷನ್ ಕಾಯ್ದೆಯ 5ನೇ ಸೆಕ್ಷನ್. ತಡ ಆಗಿದ್ದಕ್ಕೆ ಸರಿಯಾದ ಕಾರಣ ತೋರಿಸಿದರೆ ಕೋರ್ಟು ತಡವನ್ನು ಮನ್ನಿಸಬಹುದು. ವಕೀಲರ ಕಾಯಿಲೆ ಅಂಥ ಒಂದು ಕಾರಣ, ಆದರೆ ಬಾಯಿಮಾತಲ್ಲಿ ಹೇಳಿದರೆ ಸಾಲದು, ದಾಖಲೆ ಬೇಕು.

ಅಂಗಡಿಯವರು ಇಲ್ಲಿ ಸ್ವಲ್ಪ ಗಮನ ಕೊಡಿ. ಈ 5ನೇ ಸೆಕ್ಷನ್ ಅಪೀಲು ಮತ್ತು ಅರ್ಜಿಗಳಿಗೆ ಮಾತ್ರ. ಹೊಸದಾಗಿ ಹಾಕೋ ದಾವೆಗೆ ಇಲ್ಲ. ಉದ್ರಿ ಕೊಟ್ಟ ಸಾಮಾನಿನ ದುಡ್ಡು ವಸೂಲಿಗೆ 3 ವರ್ಷ ಅಂತ ಇದೆ. ವಕೀಲರಿಗೆ ಕಾಗದ ಕೊಟ್ಟಿದೀನಿ, ಅವರು ದಾವೆ ಹಾಕಿರ್ತಾರೆ ಅಂತ ನೀವು ನಂಬಿ ಕೂತು, ಅವರು ಹುಷಾರಿಲ್ಲದೆ ಹಾಕದೆ 3 ವರ್ಷ ದಾಟಿದರೆ ಆ ದುಡ್ಡು ಕೋರ್ಟಿನಿಂದ ಬರೋದು ಬಹಳ ಕಷ್ಟ. ಚೆಕ್ ಬೌನ್ಸ್ ಇನ್ನೂ ಬಿಗಿ. ಬ್ಯಾಂಕಿನಿಂದ ಚೆಕ್ ವಾಪಸ್ ಬಂದ ಮಾಹಿತಿ ಸಿಕ್ಕ 30 ದಿನದೊಳಗೆ ನೋಟಿಸ್ ಕಳಿಸಬೇಕು. ನೋಟಿಸ್ ಮುಟ್ಟಿದ 15 ದಿನದಲ್ಲಿ ದುಡ್ಡು ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ದೂರು ತಡವಾದರೆ ಕಾರಣ ಹೇಳಿ ಕೇಳಿಕೊಳ್ಳೋಕೆ ಕಾಯ್ದೆಯಲ್ಲೇ ಜಾಗ ಇದೆ. ನೋಟಿಸಿನ 30 ದಿನ ತಪ್ಪಿದರೆ ಅಂಥ ಜಾಗ ಇಲ್ಲ. ಹಾಗಾಗಿ ನೋಟಿಸ್ ಹೋಯ್ತಾ ಅಂತ ಕೇಳಿ ಬಿಡಬೇಡಿ, ಪೋಸ್ಟಿನ ರಸೀತಿ ಕೈಗೆ ಇಸ್ಕೊಳ್ಳಿ. ದೂರು ಹಾಕಿದ ಮೇಲೂ ದೂರುದಾರ ಬಾರದೆ ಇದ್ದರೆ ಆರೋಪಿ ಖುಲಾಸೆ ಆಗೋ ಸಂಭವ ಇದೆ.

ಕೊರೋನಾ ಕಾಲದಲ್ಲಿ ಮಾತ್ರ ದೇಶಕ್ಕೆಲ್ಲ ಒಂದೇ ಸಲ ವಿನಾಯಿತಿ ಸಿಕ್ಕಿತ್ತು. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಸುಪ್ರೀಂ ಕೋರ್ಟ್ ಗಡುವಿನ ಲೆಕ್ಕದಿಂದಲೇ ಬಿಟ್ಟಿತು. ಒಬ್ಬ ವಕೀಲರ ಮನೆಗೆ ಬಂದ ಕಷ್ಟಕ್ಕೆ ಅಂಥ ಆದೇಶ ಯಾರೂ ಮಾಡಲ್ಲ.

ವಕೀಲರ ತಪ್ಪಿಗೆ ಕಕ್ಷಿದಾರನಿಗೆ ಶಿಕ್ಷೆಯಾ?

ಇದಕ್ಕೆ ಸುಪ್ರೀಂ ಕೋರ್ಟಿನ ಹಳೇ ತೀರ್ಪೊಂದಿದೆ, 1981ರ ರಫೀಕ್ ವಿರುದ್ಧ ಮುನ್ಷಿಲಾಲ್. ಹಳ್ಳಿಯವನು ವಕೀಲರನ್ನು ನೇಮಿಸಿ, ಫೀಸು ಕೊಟ್ಟು, ತಾನು ಮಾಡಬೇಕಾದ್ದೆಲ್ಲ ಮಾಡಿ ಊರಿಗೆ ಹೋಗಿರ್ತಾನೆ. ವಕೀಲರು ಬಾರದ ತಪ್ಪಿಗೆ ಅವನಿಗೆ ಅನ್ಯಾಯ ಆಗಬಾರದು ಅನ್ನೋದು ಅದರ ಸಾರ. ಇವತ್ತಿಗೂ ಮರುದಾಖಲು ಅರ್ಜಿಗಳಲ್ಲಿ ವಕೀಲರು ಇದನ್ನ ಹೇಳ್ತಾರೆ. ಆದರೆ ಇದೊಂದನ್ನೇ ನಂಬ್ಕೊಂಡು ಕೂರೋ ಹಾಗಿಲ್ಲ. 1993ರ ಸಲಿಲ್ ದತ್ತ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್, ವಕೀಲರ ಮೇಲೆ ತಪ್ಪು ಹೊರಿಸಿದ ಮಾತ್ರಕ್ಕೆ ಎಲ್ಲ ಕೇಸಲ್ಲೂ ಡಿಕ್ರಿ ರದ್ದಾಗಲ್ಲ ಅಂದಿತು. ಅಲ್ಲಿ ಪಾರ್ಟಿ ಪಟ್ಟಣದಲ್ಲಿದ್ದ ಕಂಪನಿ, ಹಳ್ಳಿಯ ಅಮಾಯಕ ಅಲ್ಲ. ನನಗೆ ಕಾಣೋದು ಇಷ್ಟು: ಪೇಟೆಯಲ್ಲಿ ಅಂಗಡಿ ಇಟ್ಟು ದಿನಾ ಮೊಬೈಲಲ್ಲಿ ವ್ಯವಹಾರ ಮಾಡೋರು ನಾಳೆ ಕೋರ್ಟಿನಲ್ಲಿ "ನನಗೇನೂ ಗೊತ್ತಿರಲಿಲ್ಲ" ಅಂದರೆ ನಂಬಿಸೋದು ಕಷ್ಟ.

ವಕೀಲರನ್ನು ಬದಲಾಯಿಸೋದು ಹೇಗೆ

ವಕಾಲತ್ತಿಗೆ ಒಂದು ಸಲ ಸಹಿ ಹಾಕಿದರೆ ಅದು ಕೇಸು ಮುಗಿಯೋವರೆಗೂ ಜಾರಿಯಲ್ಲಿರುತ್ತೆ. ಸಿವಿಲ್ ಸಂಹಿತೆಯ 3ನೇ ಆದೇಶದ 4ನೇ ನಿಯಮ ಹೇಳೋ ಪ್ರಕಾರ ಕಕ್ಷಿದಾರ ಅಥವಾ ವಕೀಲರು ತೀರಿಕೊಂಡರೆ, ಇಲ್ಲವೇ ಕೋರ್ಟಿನ ಅನುಮತಿ ಪಡೆದು ಬರವಣಿಗೆಯಲ್ಲಿ ರದ್ದು ಮಾಡಿದರೆ ಮಾತ್ರ ಅದು ಮುಗಿಯುತ್ತೆ. ಅಂದರೆ ವಕೀಲರು ತೀರಿಕೊಂಡಿದ್ದರೆ ಯಾರ ಒಪ್ಪಿಗೆಯೂ ಬೇಕಿಲ್ಲ, ಹೊಸಬರಿಗೆ ಹೊಸ ವಕಾಲತ್ತು ಕೊಟ್ಟರೆ ಆಯ್ತು.

ವಕೀಲರು ಬದುಕಿದ್ದಾರೆ, ಆದರೆ ಕೆಲಸ ಮಾಡೋ ಸ್ಥಿತಿಯಲ್ಲಿಲ್ಲ. ಆಗಲೇ ಗೊಂದಲ. ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ ಮೊದಲಿನ ವಕೀಲರ ಒಪ್ಪಿಗೆ ಇಲ್ಲದೆ ಇನ್ನೊಬ್ಬರು ಆ ಕೇಸಿಗೆ ಬರುವಂತಿಲ್ಲ. ನಾವು ಎನ್‌ಒಸಿ ಅನ್ನೋದು ಇದನ್ನೇ. ಐಸಿಯುನಲ್ಲಿ ಇರೋರ ಹತ್ತಿರ ಸಹಿ ಹಾಕಿಸೋದು ಹೇಗೆ? ಅದಕ್ಕೂ ಅದೇ ನಿಯಮದಲ್ಲಿ ದಾರಿ ಇದೆ. ಒಪ್ಪಿಗೆ ಯಾಕೆ ಸಿಕ್ಕಿಲ್ಲ ಅಂತ ಕಾರಣ ಬರೆದು ಹೊಸ ವಕೀಲರು ಕೋರ್ಟಿನ ಅನುಮತಿ ಕೇಳಬಹುದು. "ಎನ್‌ಒಸಿ ಇಲ್ಲದೆ ಆಗೋದೇ ಇಲ್ಲ" ಅಂತ ಯಾರಾದರೂ ವಾಪಸ್ ಕಳಿಸಿದರೆ ಇದನ್ನ ಕೇಳಿ.

ಫೀಸು ಬಾಕಿ ಇದೆ ಅಂತ ಫೈಲು ಹಿಡಿದಿಟ್ಟುಕೊಳ್ಳೋ ಹಕ್ಕು ವಕೀಲರಿಗೂ ಇಲ್ಲ, ಅವರ ಮನೆಯವರಿಗೂ ಇಲ್ಲ. 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟ ಮಾಡಿದೆ. ಬಾಕಿ ಫೀಸು ಬೇರೆ ದಾರಿಯಲ್ಲಿ ವಸೂಲಿ ಮಾಡಬಹುದು. ಹಾಗಂತ ಗಂಡನನ್ನು ಕಳ್ಕೊಂಡು ಹದಿನೈದು ದಿನ ಆಗಿಲ್ಲದ ಮನೆಗೆ ನುಗ್ಗಿ ಬೀರು ತೆಗೆಸೋದು ಬೇಡ ಕಣ್ರೀ. ಗುಮಾಸ್ತರನ್ನೋ, ವಕೀಲರ ಸಂಘದ ಪದಾಧಿಕಾರಿಗಳನ್ನೋ ಜೊತೆಗೆ ಕರ್ಕೊಂಡು ಹೋಗಿ, ಏನೇನು ತಗೊಂಡಿರಿ ಅಂತ ಪಟ್ಟಿ ಬರೆದು ಸಹಿ ಹಾಕಿಕೊಡಿ. ಫೈಲು ಸಿಗಲೇ ಇಲ್ಲ ಅಂದರೂ ಗಾಬರಿ ಬೇಡ, ಕೋರ್ಟಿಗೆ ಹಾಕಿದ ದಾಖಲೆಗಳ ನಕಲು ಕೋರ್ಟಿನ ಕಾಪಿ ವಿಭಾಗದಲ್ಲಿ ಅರ್ಜಿ ಕೊಟ್ಟರೆ ಸಿಗುತ್ತೆ. ಕೋರ್ಟಿಗೆ ಹಾಕದೆ ವಕೀಲರ ಬೀರುವಿನಲ್ಲೇ ಉಳಿದ ಅಸಲು ಕ್ರಯಪತ್ರ, ಪ್ರಾಮಿಸರಿ ನೋಟು ಇವೇ ತಲೆನೋವು. ಅಸಲು ಕೊಡುವಾಗ ಎರಡು ಸಾಲಿನ ರಸೀತಿ ಇಸ್ಕೊಳ್ಳೋ ರೂಢಿ ನಮ್ಮಲ್ಲಿ ಇಲ್ಲವೇ ಇಲ್ಲ. ಕೇಳೋಕೆ ಸಂಕೋಚ. ಸಂಕೋಚ ಬಿಡಿ.

ಇನ್ನು ಮೊಬೈಲ್ ವಿಷಯ. ಇ-ಕೋರ್ಟ್ಸ್ ಸರ್ವೀಸಸ್ ಅನ್ನೋ ಆ್ಯಪ್ ಪುಕ್ಕಟೆ. ಪ್ರತಿ ಕೇಸಿಗೆ 16 ಅಕ್ಷರ, ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತೆ. ಅದನ್ನ ಹಾಕಿದರೆ ಮುಂದಿನ ಡೇಟು ಯಾವತ್ತು, ಹಿಂದಿನ ಡೇಟಿನಲ್ಲಿ ಏನಾಯ್ತು ಎಲ್ಲ ಬರುತ್ತೆ. ನಂಬರ್ ಗೊತ್ತಿಲ್ಲದಿದ್ದರೆ ಪಾರ್ಟಿಯ ಹೆಸರು, ವಕೀಲರ ಹೆಸರು ಹಾಕಿಯೂ ಹುಡುಕಬಹುದು. ದೊಡ್ಡಪ್ಪನ ಸಿಎನ್‌ಆರ್ ನಂಬರನ್ನ ನಾವೀಗ ಪಹಣಿ ಇಡೋ ಪ್ಲಾಸ್ಟಿಕ್ ಕವರಿನ ಮೇಲೆ ಮಾರ್ಕರಲ್ಲಿ ಬರೆದಿಟ್ಟಿದೀವಿ. ತಿಂಗಳಿಗೊಂದು ಸಲ ನೋಡಿದರೆ ಸಾಕು. ನಾಲ್ಕು ತಿಂಗಳು ನೋಡದೆ ಇದ್ದದ್ದು ವಕೀಲರ ತಪ್ಪಲ್ಲ, ನಮ್ಮದು.

ವಕೀಲರ ಕಡೆಯಿಂದ ಏನು ಮಾಡಬಹುದು

ಇದನ್ನ ಓದೋ ವಕೀಲ ಬಂಧುಗಳು "ಡಿಗ್ರಿ ಬಿಟ್ಟ ಹುಡುಗ ನಮಗೆ ಪಾಠ ಹೇಳ್ತಾನೆ" ಅನ್ಕೊಂಡರೂ ಪರವಾಗಿಲ್ಲ. ದೊಡ್ಡಪ್ಪನ ಕೇಸಿಗಾಗಿ ಅಲೆದಾಗ ಕೋರ್ಟ್ ಆವರಣದಲ್ಲಿ ಹಿರಿಯರ ಬಾಯಲ್ಲಿ ಕೇಳಿದ್ದನ್ನೇ ಇಲ್ಲಿ ಹಾಕ್ತಿದೀನಿ.

ಎಲ್ಲಕ್ಕಿಂತ ಸುಲಭದ್ದು ಜಂಟಿ ವಕಾಲತ್ತು. ಒಂದೇ ವಕಾಲತ್ತಿನಲ್ಲಿ ಇಬ್ಬರು ಮೂವರು ವಕೀಲರ ಹೆಸರು ಹಾಕಿ ಎಲ್ಲರೂ ಸಹಿ ಮಾಡಬಹುದು. ಒಬ್ಬರು ಆಸ್ಪತ್ರೆಯಲ್ಲಿದ್ದರೆ ಇನ್ನೊಬ್ಬರು ಆವತ್ತೇ ಎದ್ದು ನಿಲ್ಲಬಹುದು, ಎನ್‌ಒಸಿ ತಾಪತ್ರಯ ಇಲ್ಲ. ಫೀಸು ಹಂಚಬೇಕಾಗುತ್ತೆ ಅಂತ ಕೆಲವರು ಹಿಂಜರೀತಾರೆ. ನಂಬಿಕಸ್ತ ಸ್ನೇಹಿತರ ಜೊತೆ "ನಿನಗೆ ನಾನು, ನನಗೆ ನೀನು" ಅಂತ ಮಾತಾಡ್ಕೊಂಡರೆ ಅದೇನು ದೊಡ್ಡದಲ್ಲ.

ಎರಡನೆಯದು ಡೈರಿ. ತಾಲ್ಲೂಕು ವಕೀಲರ ಜೀವ ಇರೋದೇ ಆ ಡೈರಿಯಲ್ಲಿ. ಅದು ಒಂದೇ ಇದ್ದು, ಅದೂ ಅವರ ಸ್ಕೂಟರ್ ಡಿಕ್ಕಿಯಲ್ಲಿದ್ದು, ಅವರು ಅಪಘಾತದಲ್ಲಿ ಸಿಕ್ಕಿದರೆ? ವಾರಕ್ಕೊಂದು ಸಲ ಆ ಪುಟಗಳ ಫೋಟೋ ತೆಗೆದು ಗುಮಾಸ್ತರಿಗೋ ಜೂನಿಯರ್‌ಗೋ ಕಳಿಸಿದರೆ ಮುಗೀತು. ಡೇಟುಗಳ ಜೊತೆ ಇನ್ನೊಂದು ಪಟ್ಟಿ ಬೇಕು, ಇನ್ನೂ ಕೋರ್ಟಿಗೇ ಹೋಗದ ಕೆಲಸಗಳದ್ದು: ಯಾವ ಚೆಕ್ಕಿಗೆ ನೋಟಿಸ್ ಕಡೇ ದಿನ ಯಾವಾಗ, ಯಾವ ತೀರ್ಪಿನ ಅಪೀಲಿಗೆ ಕಡೇ ದಿನ ಯಾವಾಗ, 90 ದಿನಕ್ಕೆ ಮುಗಿಯೋ ಕೇವಿಯಟ್ ಯಾವುದು. ಇವು ಇ-ಕೋರ್ಟ್ಸ್‌ನಲ್ಲಿ ಕಾಣಲ್ಲ, ವಕೀಲರ ತಲೆಯಲ್ಲಿ ಮಾತ್ರ ಇರ್ತವೆ. ಕಕ್ಷಿದಾರರು ಕೋರ್ಟ್ ಶುಲ್ಕಕ್ಕೆ ಅಂತ ಕೊಟ್ಟ ದುಡ್ಡಿನ ಲೆಕ್ಕವೂ ಹಾಗೇ. ಬೇರೆ ಬರೆದಿಡದಿದ್ದರೆ ನಾಳೆ ಮನೆಯವರು ಸುಮ್ಮನೆ ಮಾತು ಕೇಳಬೇಕಾಗುತ್ತೆ.

ಫೈಲು ಇನ್ನೊಬ್ಬರ ಕೈಗೆ ಹೋದರೆ ಗುಟ್ಟು ಹೊರಗೆ ಬೀಳಲ್ವಾ ಅಂತ ಕೆಲವರಿಗೆ ಅನುಮಾನ. ಕಕ್ಷಿದಾರ ಹೇಳಿದ ಮಾತನ್ನು ಅವನ ಒಪ್ಪಿಗೆ ಇಲ್ಲದೆ ವಕೀಲರು ಬಹಿರಂಗ ಮಾಡುವಂತಿಲ್ಲ ಅಂತ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿದೆ, ಹಳೇ ಸಾಕ್ಷ್ಯ ಕಾಯ್ದೆಯಲ್ಲೂ ಇತ್ತು. ಅದು ಗುಮಾಸ್ತರಿಗೂ ಅನ್ವಯ. ಕೇಸು ಬಿಟ್ಟ ಮೇಲೂ ಆ ಕಟ್ಟುಪಾಡು ಮುಗಿಯಲ್ಲ. ಎದುರು ಪಾರ್ಟಿಯ ವಕೀಲರ ಕೈಗೆ ಮಾತ್ರ ಫೈಲು ಹೋಗದ ಹಾಗೆ ನೋಡ್ಕೋಬೇಕು. ಚಿಕ್ಕ ಊರಲ್ಲಿ ಎಲ್ಲರೂ ಸ್ನೇಹಿತರೇ, ಹಾಗಾಗಿ ಇದು ಆಗೋ ಸಂಭವ ಇದೆ.

ವಕೀಲರು ತೀರಿಕೊಂಡ ಮೇಲೆ ಅವರ ಆಫೀಸನ್ನು ಅಂಗಡಿ ಥರ ಮನೆಯವರು ನಡೆಸೋಕೆ ಬರಲ್ಲ. ವಕೀಲರಲ್ಲದವರ ಜೊತೆ ಪಾಲುದಾರಿಕೆ, ಫೀಸು ಹಂಚಿಕೆ ಎರಡನ್ನೂ ಪರಿಷತ್ತಿನ ನಿಯಮ ಒಪ್ಪಲ್ಲ. ಹಾಗಾಗಿ ಆ ಕುಟುಂಬಕ್ಕೆ ಉಳಿಯೋದು ಕಲ್ಯಾಣ ನಿಧಿ. ಕರ್ನಾಟಕದಲ್ಲಿ ಇದಕ್ಕೆ 1983ರ ವಕೀಲರ ಕಲ್ಯಾಣ ನಿಧಿ ಕಾಯ್ದೆ ಇದೆ. ನೀವು ವಕಾಲತ್ತಿಗೆ ಸಹಿ ಹಾಕುವಾಗ ಅದರ ಮೇಲೆ ಒಂದು ಸ್ಟಾಂಪು ಅಂಟಿಸ್ತಾರಲ್ಲ, ಆ ದುಡ್ಡು ಹೋಗೋದು ಅಲ್ಲಿಗೇ. ನಿಧಿಯ ಸದಸ್ಯರಾಗಿದ್ದ ವಕೀಲರು ತೀರಿಕೊಂಡರೆ ನಾಮಿನಿಗೆ ಹಣ ಬರುತ್ತೆ. ಸದಸ್ಯರೇ ಆಗಿಲ್ಲದಿದ್ದರೆ, ನಾಮಿನಿ ಹೆಸರು ಬರೆಸಿಲ್ಲದಿದ್ದರೆ ಮನೆಯವರು ಬೆಂಗಳೂರಿನ ರಾಜ್ಯ ವಕೀಲರ ಪರಿಷತ್ತಿಗೆ ಅಲೆಯಬೇಕು. ಮದುವೆಗೆ ಮುಂಚೆ ಬರೆಸಿದ ನಾಮಿನಿ ಮದುವೆ ಆದ ಮೇಲೂ ಹಾಗೇ ಇದ್ಯಾ ಅಂತ ಒಂದು ಸಲ ನೋಡ್ಕೊಳ್ಳಿ.

ಮನಸ್ಸಿನ ಕಾಯಿಲೆ, ಕುಡಿತ ಇವನ್ನ ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳಲ್ಲ. ಇಂಗ್ಲೆಂಡಿನಲ್ಲಿ ಲಾಕೇರ್ ಅನ್ನೋ ಸಂಸ್ಥೆ ವಕೀಲರಿಗಾಗಿಯೇ ಇದೆ. ಅಮೆರಿಕದಲ್ಲೂ ರಾಜ್ಯಗಳ ಬಾರ್‌ಗಳು ವಕೀಲರ ನೆರವಿಗೆ ಕಾರ್ಯಕ್ರಮ ನಡೆಸ್ತವೆ, ಫೋನ್ ಮಾಡಿದವರ ಹೆಸರು ಗುಟ್ಟಾಗಿ ಇಡ್ತಾರೆ. ನಮ್ಮ ತಾಲ್ಲೂಕಿನಿಂದ ಈಗಲೇ ಮಾಡಬಹುದಾದ ಫೋನು ಅಂದರೆ ಸರ್ಕಾರದ ಟೆಲಿ ಮಾನಸ್, ನಂಬರ್ 14416. 2022ರ ಅಕ್ಟೋಬರಿನಲ್ಲಿ ಶುರುವಾಗಿದ್ದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ವಕೀಲರಿಗೆ ಮಾತ್ರ ಅಲ್ಲ, ಯಾರು ಬೇಕಾದರೂ ಮಾಡಬಹುದು.

ಹೆಣ್ಣುಮಕ್ಕಳು ವಕೀಲಿ ಶುರು ಮಾಡಿ ಬಾಣಂತನಕ್ಕೆ ಅಂತ ಹೋದವರು ವಾಪಸ್ ಬರದೆ ಇರೋದೂ ಇದೇ ಕಥೆಯ ಇನ್ನೊಂದು ಮುಖ. ಆರು ತಿಂಗಳು ಅವರ ಕೇಸನ್ನ ಬೇರೆಯವರು ನೋಡ್ಕೊಂಡು, ಬಂದ ಮೇಲೆ ವಾಪಸ್ ಕೊಟ್ಟರೆ ಸಾಕು. ಕೇಸು ವಾಪಸ್ ಕೊಡೋ ಬಗ್ಗೆ ಮೊದಲೇ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೇದು.

ಚಿತ್ರದುರ್ಗದಲ್ಲಿ ವಕೀಲಿ ಮಾಡ್ತಿದ್ದ ಎಸ್. ನಿಜಲಿಂಗಪ್ಪನವರು 1939ರಲ್ಲಿ ತುರುವನೂರಿನ ಈಚಲು ಮರ ಸತ್ಯಾಗ್ರಹಕ್ಕೆ ಇಳಿದು ಜೈಲು ಸೇರಿದವರು. ಅವರ ಕೈಯಲ್ಲಿದ್ದ ಕೇಸುಗಳನ್ನ ಆಗ ಯಾರು ನೋಡ್ಕೊಂಡರೋ ಅಂತ ಇದನ್ನ ಬರೆಯುವಾಗ ನನಗೆ ಸುಮ್ಮನೆ ಯೋಚನೆ ಬಂತು.

ದೂರು ಕೊಡೋದಿದ್ದರೆ

ವಕೀಲರು ನಿಜವಾಗಿಯೂ ಹುಷಾರಿಲ್ಲದೆ ಡೇಟು ತಪ್ಪಿಸಿದ್ದು ಬೇರೆ, ಬೇಕಂತಲೇ ಮೋಸ ಮಾಡಿದ್ದು ಬೇರೆ. ಎರಡನೆಯದಾದರೆ ಗ್ರಾಹಕರ ಕೋರ್ಟಿಗೆ ಹೋಗೋ ಹಾಗಿಲ್ಲ. ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಬರಲ್ಲ ಅಂತ 2024ರ ಮೇ 14ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ವೃತ್ತಿ ದುರ್ನಡತೆ ಆಗಿದ್ದರೆ 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ರಾಜ್ಯ ವಕೀಲರ ಪರಿಷತ್ತಿಗೆ ಬರೆದು ಕೊಡಬೇಕು. ಆದರೆ ನೆನಪಿರಲಿ, ಆ ದೂರಿನಿಂದ ನಿಮ್ಮ ವಜಾ ಆದ ಕೇಸು ಎದ್ದು ಬರಲ್ಲ. 30 ದಿನದ ಅರ್ಜಿ ಮೊದಲು, ದೂರು ಆಮೇಲೆ.

ಹೊಸ ವಕೀಲರಿಗೆ ಮತ್ತೆ ಫೀಸು ಕೊಡೋ ಶಕ್ತಿ ಇಲ್ಲದಿದ್ದರೆ ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರೋರು ಇವರಿಗೆ ಆದಾಯ ಎಷ್ಟೇ ಇದ್ದರೂ ಪುಕ್ಕಟೆ ವಕೀಲರು ಸಿಗ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ. ನಡೀತಿರೋ ಕೇಸಿಗೂ ಅರ್ಜಿ ಹಾಕಬಹುದು. ಸಹಾಯವಾಣಿ 15100.

2022ರಲ್ಲಿ 89 ವರ್ಷದ ಮೇಲೆ ಮಾರಿಕಣಿವೆ ಕೋಡಿ ಬಿದ್ದಾಗ ಹೊಸದುರ್ಗ ಕಡೆ ಹಿನ್ನೀರಿನ ತೋಟದವರು ಜಮೀನಿನ ಕಾಗದ ಹುಡುಕ್ತಾ ಓಡಾಡಿದ್ದು ಎಷ್ಟೋ ಜನಕ್ಕೆ ನೆನಪಿರಬಹುದು. ನಿಮ್ಮ ಅಸಲು ಪತ್ರ ಈಗ ಯಾರ ಬೀರುವಿನಲ್ಲಿದೆ, ನಿಮ್ಮ ವಕಾಲತ್ತಿನ ಮೇಲೆ ಎಷ್ಟು ಜನ ವಕೀಲರ ಸಹಿ ಇದೆ, ಮುಂದಿನ ಡೇಟು ಯಾವತ್ತು ಅಂತ ಈ ವಾರ ಒಂದು ಸಲ ವಿಚಾರಿಸಿ. ಹಾಗೇ ಮಾತಿಗೆ "ಸಾರ್, ಹೆಂಗಿದೀರಾ?" ಅಂತಲೂ ಕೇಳಿ. ನಮ್ಮ ದೊಡ್ಡಪ್ಪ ಈಗಲೂ ಡೇಟಿನ ದಿನ ಕೋರ್ಟಿಗೆ ಬಂದರೆ ಹಳೇ ವಕೀಲರ ಮನೆಗೆ ಹೋಗಿ ಅರ್ಧ ಗಂಟೆ ಕೂತು, ಎರಡು ಎಳನೀರು ಇಟ್ಟು ಬರ್ತಾರೆ. ಡಾಕ್ಟ್ರು ಎಳನೀರು ಕುಡಿಯಬಾರದು ಅಂದಿದಾರಂತೆ. ಮನೆಯವರು ಕುಡೀತಾರೆ ಬಿಡು ಅಂತಾರೆ ದೊಡ್ಡಪ್ಪ.